ಕ್ಯಾಪ್ಸೂಲಿನ ಸಿಪ್ಪಿ

ಎಂಬತ್ತರ ದಶಕದಾಗ ನಾ ಹುನಗುಂದಕ್ಕ ವರ್ಗವಾಗಿ ಬಂದೆ. ಬಂದ ಹೊಸದರಾಗ ಕಣ್ಣು ಹಳದಿಯಾಗಿ ಕಾಮಣಿ ಜಡ್ಡು ಬಂದು, ಬಾಡಿಗಿ ಖೋಲಿಯಾಗ ಒಬ್ಬನೇ ಮಲಗಿದ್ದೆ. ಜಡ್ಡಿನಿಂದ ಎದ್ದ ಮ್ಯಾಲ ಡಾಕ್ಟರು ತಾಕತ್ತಿಗಂತ ಕ್ಯಾಪ್ಸೂಲ್ ಬರೆದುಕೊಟ್ಟರು.

ಔಷಧ ಅಂಗಡಿಯ ಬಸಪ್ಪನವರನ್ನ ಕೇಳಿದೆ: "ಇದರ ಸಿಪ್ಪಿ ಯಾತರದ್ದರಿ? ದನದ ಎಲುಬು, ಹಂದಿ ಚರ್ಮ ಕುದಿಸಿ ಮಾಡ್ತಾರಂತ ಮೌಲ್ವಿಗಳು ಹೇಳ್ಯಾರ. ಹಲಾಲ್ ಅಂತ ಖಾತ್ರಿ ಇಲ್ಲದಿದ್ರ ನಾ ನುಂಗಂಗಿಲ್ಲ."

ಹಣಿತುಂಬ ವಿಭೂತಿ ಹಚ್ಚಿದ್ದ ಬಸಪ್ಪನವರ ಮಾರಿ ಬಿಳಿಚಿತು. "ಎಲುಬೇನ್ರಿ? ದಿನಾ ಮುಂಜಾನಿ ಪೂಜಿ ಮುಗಿಸಿ ನಾನೂ ಇದನ್ನ ನುಂಗ್ತೇನಲ್ರೀ!"

ಆಮ್ಯಾಲ ಅವರೇ ಕ್ಯಾಪ್ಸೂಲ್ ಬಿಚ್ಚಿ, ಸಿಪ್ಪಿ ಒಗೆದು, ಒಳಗಿನ ಪುಡಿ ಜೇನುತುಪ್ಪದಾಗ ಕಲಸಿ ನನ್ನ ಕೈಗೆ ಹಾಕಿದರು. ತಾವೂ ನೆಕ್ಕಿದರು. ಭಾಳ ಕಹಿ. ಒಬ್ಬರ ಮಾರಿ ಒಬ್ಬರು ನೋಡಿ ನಕ್ಕಿವಿ. ಆ ಊರಿಗೆ ಬಂದ ಮ್ಯಾಲ ನಾ ನಕ್ಕಿದ್ದು ಅದೇ ಮೊದಲು.

ಕ್ಯಾಪ್ಸೂಲಿನ ಬಾಟ್ಲಿ ಅಂಗಡಿಯಾಗೇ ಇಟ್ಟು ದಿನಾ ಸಂಜಿಮುಂದ ಪುಡಿ ನೆಕ್ಕಲಿಕ್ಕ ಹೋಗತೊಡಗಿದೆ. ಅದು ಖಾಲಿ ಆಗೂದರೊಳಗ ಮೈಯಾಗ ತಾಕತ್ತು ತುಂಬಿತ್ತು. ಮರುದಿನ ಸಂಜಿ ಖೋಲಿಯಾಗ ಗ್ವಾಡಿ ನೋಡಿಕೋತ ಕುಂತೆ. ಹೆಚ್ಚು ಹೊತ್ತು ಕೂಡಲಿಕ್ಕಾಗಲಿಲ್ಲ. ಎದ್ದು ಡಾಕ್ಟರ ಹತ್ರ ಹೋಗಿ, "ಇನ್ನೂ ಭಾಳ ಅಶಕ್ತಿ ಐತ್ರಿ" ಅಂದೆ.