ಬೀಟೆ ಮರದ ಬೆಂಕಿ

ಅಡುಗೆಮನೆಗೆ ಹೊಸ ಕಪಾಟು ಮಾಡಿಸುತ್ತಿದ್ದೇನೆ. ಮೊನ್ನೆ ಬಡಗಿ ಹಳೆಯ ಚೌಕಟ್ಟಿಗೆ ತೂತು ಕೊರೆಯುತ್ತಿದ್ದಾಗ, ಡ್ರಿಲ್ಲಿನ ಮೊನೆ ಸವೆದಿತ್ತೋ ಏನೋ, ಮರದಿಂದ ಸಣ್ಣಗೆ ಹೊಗೆ ಎದ್ದಿತು. ಆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಊಟಕ್ಕೆ ಬಂದಿದ್ದ ನನ್ನ ತಮ್ಮ ಶಿವು ಮೂಗರಳಿಸಿ, "ಅಕ್ಕಾ, ನೆನಪಾಯ್ತಾ? ನೀನು ಬಿಲ್ಲು ಹಿಡ್ಕೊಂಡು ಬೆಂಕಿ ಹೊತ್ತಿಸೋಕೆ ಹೋಗಿ ಪೇಚಾಡಿದ್ದು!" ಎಂದು ನಕ್ಕ. ಏನೂ ಗೊತ್ತಿಲ್ಲದ ಬಡಗಿಯೂ ನಕ್ಕ. ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಯೊಳಕ್ಕೆ ಎತ್ತಿ ಹಾಕಿದೆ. ಸಾರು ಗೋಡೆಗೆಲ್ಲ ಸಿಡಿಯಿತು. ಒರೆಸಿದವಳೂ ನಾನೇ.

ಈ ಬೆಂಕಿಯ ಕತೆ ನಮ್ಮ ಮನೆತನದಲ್ಲಿ ಐವತ್ತು ವರ್ಷದಿಂದ ನಗುವಿನ ಕತೆ. ಅಪ್ಪ ಅದನ್ನು ನಾಮಕರಣಗಳಲ್ಲಿ ಹೇಳಿದರು, ಗೃಹಪ್ರವೇಶಗಳಲ್ಲಿ ಹೇಳಿದರು, ನನ್ನ ಮದುವೆಯ ಬೀಗರೂಟದಲ್ಲೂ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಶಿವು ಹೇಳುತ್ತಿದ್ದಾನೆ. ತೊಂದರೆ ಒಂದೇ, ಅದು ಸುಳ್ಳು. ಹೋದವರನ್ನು ನೆನೆಯುವಾಗ ಮಾತು ಮೆತ್ತಗಿರಬೇಕು ಎನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ನನಗೆ ಅದು ಬರುವುದಿಲ್ಲ. ಹಾಲು ಉಕ್ಕಿದರೆ ಒಲೆ ಆರಿಸುವುದನ್ನು ಬಿಟ್ಟು ಹಾಲನ್ನೇ ಬೈಯುವವಳು ನಾನು. ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ನಾವು ಚಿತ್ರದುರ್ಗದ ಕಡೆಯವರು. ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿ ವಿಜಯನಗರದಲ್ಲಿ ಮನೆ ಮಾಡಿದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ಕಲ್ಲುಗಳ ನಡುವೆ ಕತ್ತಾಳೆ, ಲಂಟಾನದ ಪೊದೆ, ಮೇಕೆಗಳು. ಅಪ್ಪ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಅವರ ತರಗತಿಯಲ್ಲೇ ಕೂತು ಓದುವ ಭಾಗ್ಯ ನನ್ನದಾಗಿತ್ತು. ಮನೆಯಲ್ಲಿ 'ಅಪ್ಪ', ಶಾಲೆಯಲ್ಲಿ 'ಸಾರ್'; ಬೈಗುಳ ಮಾತ್ರ ಎರಡೂ ಕಡೆ ಒಂದೇ.

ನನಗೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುವ ಹುಚ್ಚು. ಬಿಳಿ ಕೋಟು ಹಾಕಿಕೊಂಡು ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಕುದಿಸಬೇಕು ಎಂಬುದಕ್ಕಿಂತ ದೊಡ್ಡ ಕನಸೇನೂ ಇರಲಿಲ್ಲ, ನಿಜ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯ ಮಧ್ಯದಲ್ಲಿ ಒಂದು ದಿನ ಅಪ್ಪ ಯಾವುದೋ ಪತ್ರಿಕೆ ಹಿಡಿದುಕೊಂಡು ಬಂದರು. ಅದರಲ್ಲೊಂದು ಚಿತ್ರ. ಹಲಗೆಯ ಕುಳಿಯಲ್ಲಿ ನೆಟ್ಟಗೆ ನಿಂತ ಒಂದು ಕೋಲು. ಕೋಲಿಗೆ ಒಂದು ಸುತ್ತು ಸುತ್ತಿದ ಬಿಲ್ಲಿನ ಹಗ್ಗ. ಬಿಲ್ಲನ್ನು ಗರಗಸದಂತೆ ಹಿಂದೆ ಮುಂದೆ ಎಳೆದರೆ ಕೋಲು ಗಿರಗಿರನೆ ತಿರುಗಿ, ಹಲಗೆ ಕಾದು, ಕೆಂಡ ಹುಟ್ಟುತ್ತದೆ.

"ಶಾಲೆಯ ವಸ್ತುಪ್ರದರ್ಶನದಲ್ಲಿ ಇದನ್ನ ನೀನು ಮಾಡಿ ತೋರಿಸ್ಬೇಕು," ಎಂದರು. "ಬೆಂಕಿ ತೆಗೆದ್ಯೋ, ಸೈನ್ಸ್. ತೆಗೀಲಿಲ್ವೋ, ಆರ್ಟ್ಸ್. ಸೈನ್ಸ್‌ಗೆ ಬುದ್ಧಿ ಸಾಲ್ದು ಕಣಮ್ಮ, ಶ್ರದ್ಧೆ ಬೇಕು."

ಮರವನ್ನು ಅವರೇ ಆರಿಸಿದರು. ಅಟ್ಟದ ಮೇಲೆ ಅಜ್ಜಿಯ ಮುರಿದ ಮಂಚವಿತ್ತು, ಅಪ್ಪಟ ಬೀಟೆ. ಅದರ ಕಾಲು ಸೀಳಿಸಿ ಕೋಲು, ಪಕ್ಕದ ಪಟ್ಟಿಯಲ್ಲಿ ಹಲಗೆ. ನಮ್ಮವರಿಗೆ ಇದೊಂದು ರೋಗ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮರವೇ ಆಗಬೇಕು, ಒಳ್ಳೆಯ ಮರವೆಂದರೆ ಬೆಲೆ ಬಾಳುವ ಮರ. ಬಿಲ್ಲಿಗೆ ಬಿದಿರು. ಹಗ್ಗಕ್ಕೆ ಮೊದಲು ನನ್ನ ಲಂಗದ ಲಾಡಿ ಕಟ್ಟಿದೆ. ಅದು ಮೂರನೆಯ ಎಳೆತಕ್ಕೇ ಕಿತ್ತುಹೋಗಿ ಅಮ್ಮನಿಂದ ಬೈಸಿಕೊಂಡ ಮೇಲೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಂತು. ಕೋಲಿನ ತಲೆ ಅಂಗೈಗೆ ಒತ್ತದಂತೆ ಮೇಲೊಂದು ತೆಂಗಿನ ಚಿಪ್ಪು.

ಮೂರು ವಾರ ಎಳೆದೆ. ಶಾಲೆಯಿಂದ ಬಂದವಳೇ ಹಿತ್ತಲಲ್ಲಿ ಮಂಡಿಯೂರಿ ಕತ್ತಲಾಗುವವರೆಗೆ ಎಳೆದೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಅದೇ ಜಾಗದಲ್ಲಿ ಮತ್ತೆ ಎದ್ದಿತು. ವಾಸನೆ ಬರುತ್ತಿತ್ತು, ಒಂದು ಎಳೆ ಹೊಗೆಯೂ ಬರುತ್ತಿತ್ತು, ಆಮೇಲೆ ಹಲಗೆಯ ಕುಳಿ ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಂಡ ಮಾತ್ರ ಇಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತು ಕಾಪಿ ತಿದ್ದುತ್ತಾ, ತಲೆ ಎತ್ತದೆ, "ಮನಸ್ಸಿಟ್ಟು ಮಾಡ್ತಿಲ್ಲ ನೀನು," ಎನ್ನುತ್ತಿದ್ದರು. ಒಂದು ದಿನವಾದರೂ ಬಿಲ್ಲನ್ನು ತಾವು ಹಿಡಿದು ನೋಡಲಿಲ್ಲ. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ.

ಹಿತ್ತಲಿನಾಚೆಯ ಖಾಲಿ ಸೈಟಿನಲ್ಲಿ ಮುನಿಯಮ್ಮ ಎಂಬ ಮುದುಕಿ ಮೇಕೆ ಮೇಯಿಸುತ್ತಿದ್ದಳು. ಆ ಲೇಔಟು ಹೊಲವಾಗಿದ್ದ ಕಾಲದಿಂದಲೂ ಅವಳದ್ದು ಅಲ್ಲೇ ವಾಸ. ದಿನಾ ನನ್ನ ಪಾಡು ನೋಡಿ ನೋಡಿ, ಪ್ರದರ್ಶನಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅವಳಿಗೇ ತಡೆಯಲಾಗಲಿಲ್ಲ.

"ಏನವ್ವಾ, ಆ ಮರದಾಗೆ ನಿಮ್ಮಪ್ಪ ಬಂದ್ರೂ ಬೆಂಕಿ ಬರಾಕಿಲ್ಲ. ಗಟ್ಟಿ ಮರ ಬೆಂಕೀನ ನುಂಗ್ಕಂತದೆ. ಕೆಲ್ಸಕ್ಕೆ ಬಾರದ ಮರ ಬೇಕು. ಅಗೋ, ಒಣಗಿರೋ ಕತ್ತಾಳೆ ಬೊಂಬು ನೋಡು, ಅದುನ್ನ ತಗಾ."

ಕತ್ತಾಳೆ ಹೂ ಬಿಟ್ಟು ಸತ್ತ ಮೇಲೆ ಅದರ ಹೂವಿನ ಕಂಬ ಒಣಗಿ ಬೆಂಡಿನಷ್ಟು ಹಗುರವಾಗಿ ನಿಂತಿರುತ್ತದೆ. ಅದನ್ನೇ ಮುರಿದು ತಂದು ಕೋಲನ್ನೂ ಹಲಗೆಯನ್ನೂ ಮಾಡಿದೆ. ಕುಳಿಯ ಪಕ್ಕದಲ್ಲಿ ಪುಡಿ ಉದುರಲು ಒಂದು ಕಚ್ಚು ಹಾಕಿದೆ. ಎಳೆದೆ. ನೂರು ಎಣಿಸುವುದರೊಳಗೆ ಕಪ್ಪು ಪುಡಿ ಉದುರಿ ಗುಪ್ಪೆಯಾಯಿತು. ಬಿಲ್ಲು ನಿಲ್ಲಿಸಿದರೂ ಗುಪ್ಪೆಯಿಂದ ಹೊಗೆ ಬರುತ್ತಲೇ ಇತ್ತು. ಒಳಗೆ ಹುರುಳಿಕಾಳಿನಷ್ಟು ಕೆಂಪು. "ಅಪ್ಪಾ!" ಎಂದು ಕಿರುಚಿದೆ.

ಅಪ್ಪ ಪಂಚೆ ಎತ್ತಿಕೊಂಡು ಓಡಿ ಬಂದರು. ನಾನು ತೆಂಗಿನ ನಾರಿನ ಉಂಡೆಯೊಳಗೆ ಕೆಂಡ ಇಟ್ಟದ್ದೇ ತಡ, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅವರೇ ಊದಿದರು. ಭಗ್ಗನೆ ಹೊತ್ತಿಕೊಂಡಿತು. ಅಷ್ಟು ಸಂತೋಷ ಆ ಮುಖದಲ್ಲಿ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ಭೇಷ್! ಭೇಷ್ ಕಣಮ್ಮ!" ಎಂದರು. ಆಮೇಲೆ ನೆಲದ ಮೇಲಿದ್ದ ಕೋಲನ್ನು ನೋಡಿದರು.

"ಇದ್ಯಾವ ಮರ?"

ಹೇಳಿದೆ. ಮುನಿಯಮ್ಮನ ಹೆಸರನ್ನೂ ಹೇಳಿದೆ, ಅದೇ ತಪ್ಪಾಯಿತು. ಅಪ್ಪನ ಮುಖ ಗಂಟಿಕ್ಕಿತು. ಮಂಚ ಸೀಳಿಸಿದ ಮೇಷ್ಟ್ರಿಗೆ ಮೇಕೆಯವಳು ಪಾಠ ಹೇಳಿದಂತಾಯಿತಲ್ಲ. "ಕತ್ತಾಳೆ ಮರವೇ ಅಲ್ಲ, ಕಳೆ. ಇದು ಪ್ರಯೋಗ ಅಲ್ಲ, ಮೋಸ. ಕೊಟ್ಟಿರೋ ಸಾಮಾನಲ್ಲಿ ಮಾಡು," ಎಂದು ಕಂಬದ ತುಂಡುಗಳನ್ನು ನೀರೊಲೆಗೆ ಹಾಕಿದರು. ಅವು ಚೆನ್ನಾಗಿಯೇ ಉರಿದವು.

ಪ್ರದರ್ಶನದ ದಿನ ಇಲಾಖೆಯ ಸಾಹೇಬರೊಬ್ಬರು ನನ್ನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಬೀಟೆಯ ಕೋಲು, ಬೀಟೆಯ ಹಲಗೆ. ಬೆವರು ಕಣ್ಣಿಗೆ ಇಳಿಯುವವರೆಗೆ ಎಳೆದೆ. ಸಾಹೇಬರು ಗಡಿಯಾರ ನೋಡಿಕೊಂಡರು. ಆಗ ಅಪ್ಪ ನಗುತ್ತಾ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಮಗಳೇ ಸಾರ್. ಉಪಕರಣ ಸರಿಯಾಗಿದೆ, ಹುಡುಗಿಗೆ ಶ್ರದ್ಧೆ ಸಾಲ್ದು," ಎಂದರು. ಎಲ್ಲರೂ ನಕ್ಕರು. ನನ್ನ ಚೀಲದಲ್ಲಿ ಬೇರೆ ಕತ್ತಾಳೆ ಬೊಂಬಿನ ಕೋಲು, ಹಲಗೆ ಎರಡೂ ಇದ್ದವು. ಕಣ್ಣು ತಪ್ಪಿಸಿ ಮಾಡಿಟ್ಟುಕೊಂಡಿದ್ದೆ. ತೆಗೆಯಲಿಲ್ಲ. ಅಪ್ಪನ ಮರ್ಯಾದೆ ಹೋಗುತ್ತದೆ ಎಂದು ತೆಗೆಯಲಿಲ್ಲ. ನನ್ನ ಮೇಲೆ ನನಗಿರುವ ಸಿಟ್ಟು ಇದೊಂದಕ್ಕೆ.

ಫಲಿತಾಂಶ ಬಂದಾಗ ವಿಜ್ಞಾನದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಆದರೂ ಅಪ್ಪ ಆರ್ಟ್ಸ್ ಎಂದರು, "ಮಾತಂದ್ರೆ ಮಾತು" ಎಂದರು. ಮುಂದೆ ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳಿಗೆ ದಾರ ಕಟ್ಟಿದೆ. ಕೆಟ್ಟ ಬದುಕೇನಲ್ಲ. ಆದರೆ ಅಪ್ಪ ಕಣ್ಣಾರೆ ನೋಡಿಯೂ ಹಾಗೆ ಮಾಡಿದರಲ್ಲ, ನೋಡಿರದಿದ್ದರೆ ಎಂದೋ ಕ್ಷಮಿಸಿಬಿಡುತ್ತಿದ್ದೆ.

ಗೋಡೆಯ ಸಾರು ಒರೆಸಿ ಬಂದು, ಶಿವುವಿನ ಎದುರಿಗೆ ಕೂತು, ಇಷ್ಟನ್ನೂ ಮೊದಲ ಸಲ ಹೇಳಿದೆ. ಅವನು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೇಳಿದ.

"ಅಂದ್ರೆ ನಿಂಗೆ ಹೊತ್ತಿತ್ತಾ?"

"ಹೊತ್ತಿತ್ತು. ಊದಿದ್ದೇ ಅಪ್ಪ."

"ಮತ್ತೆ ಇಷ್ಟು ವರ್ಷ ಯಾಕಕ್ಕಾ ಹೇಳ್ಲಿಲ್ಲ?"

"ಯಾರಿಗೆ ಹೇಳ್ಬೇಕಿತ್ತು? ನೋಡಿದ್ದವರಿಗಾ?"

ಅವನು ತಟ್ಟೆಯ ಅನ್ನವನ್ನು ಬೆರಳಿನಿಂದ ಅಂಚಿಗೆ ಸರಿಸಿದ. ಇಂಜಿನಿಯರಾಗಿ, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದವನು. ಆಮೇಲೆ ತಟ್ಟೆಯನ್ನೇ ನೋಡುತ್ತಾ, "ನಾನು ಸೈನ್ಸ್‌ಗೆ ಸೇರುವಾಗ ಅಪ್ಪ ನಂಗೆ ಬೆಂಕಿಗಿಂಕಿ ಏನೂ ಹೊತ್ತಿಸು ಅನ್ಲಿಲ್ಲ," ಎಂದ. "ಅರ್ಜೀನೂ ಅವರೇ ತಂದಿದ್ರು. ನಾನು ಬರೀ ಸೈನ್ ಹಾಕ್ದೆ."

"ಗೊತ್ತು ಕಣೋ," ಎಂದೆ. "ಆ ಅರ್ಜಿ ತುಂಬಿದ್ದು ನಾನೇ. ನನ್ನ ಅಕ್ಷರ ಚೆನ್ನಾಗಿದೆ ಅಂತ ಅಪ್ಪ ನನ್ನ ಕೈಲಿ ಬರೆಸಿದ್ರು."