ಐಸ್ ಪ್ಲಾಂಟಿನಲ್ಲಿ ಕರೆಂಟು ಹುಡುಕಿದ್ದು

ಕಾರ್ಖಾನೆಗಳಲ್ಲಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿಕೊಡುವುದು ನನ್ನ ಹೊಟ್ಟೆಪಾಡು. ಕರೆಸಿದವರು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಬಂದರೆ ಮಾತ್ರ ನನಗೆ ಮೈ ಉರಿಯುತ್ತದೆ. ಮಂಜಗುಣಿ ಕಡೆಯ ಐಸ್ ಪ್ಲಾಂಟಿನ ಮಾಲೀಕ ಅಂಥವನು. ಶಿರವಾಡದ ನಮ್ಮ ಮನೆಗೇ ಬಂದು, ಕೊಟ್ಟ ಚಹಾ ಮುಟ್ಟದೆ, ದನಿ ತಗ್ಗಿಸಿ ಹೇಳಿದ:

"ಬಿಲ್ಲು ಏರ್ತಾನೇ ಉಂಟು ಮೇಡಂ. ಆಪರೇಟರನ ಮನೆ ಪ್ಲಾಂಟಿನ ಬೆನ್ನಿಗೇ ಉಂಟು. ಒಳಗಿಂದ ವಾಯರ್ ಎಳ್ದಿದಾನೆ. ನೀವು ಹಿಡಿದುಕೊಟ್ರೆ ಸಾಕು, ಅವತ್ತೇ ಕೆಲಸದಿಂದ ತೆಗೀತೆ."

ಆಪರೇಟರ್ ಇವನ ತಂದೆಯ ಕಾಲದಿಂದ ಇದ್ದವರು. ಎದುರಿಗೆ ಇವನು ಅವರನ್ನು "ಮಾಮ" ಎಂದೇ ಕರೆಯುತ್ತಾನಂತೆ. ಅದನ್ನು ಕೇಳಿ ನನಗೆ ಅಸಹ್ಯವಾಯಿತು.

ನಾನು ಹೋದ ದಿನ ಬಲೆಗೆ ಬಂಗಡೆ ಚೆನ್ನಾಗಿ ಬಿದ್ದಿತ್ತು. ಮಂಜುಗಡ್ಡೆಗೆ ದೋಣಿಯವರು ಬಾಗಿಲಲ್ಲೇ ನಿಂತು ಗಲಾಟೆ ಮಾಡುತ್ತಿದ್ದರು. ಏನೇ ಆದರೂ ಕಂಪ್ರೆಸರ್ ನಿಲ್ಲಿಸಕೂಡದು ಎಂದ ಮಾಲೀಕ. ನಾನು ಕೈಗವಸು ಹಾಕಿಕೊಂಡು ಮೀಟರಿನ ಬಳಿ ಮೂರೂ ಕೇಬಲ್ಲಿಗೆ ಕರೆಂಟು ಅಳೆಯುವ ಅನಲೈಸರಿನ ಬಳೆಗಳನ್ನು ತೊಡಿಸಿದೆ. ಆಪರೇಟರು ದೂರದಲ್ಲಿ ನಿಂತು ನೋಡುತ್ತಿದ್ದರು. ಅವರು ಮೀನುಗಾರರ ಮನೆತನದವರು, ಅಗಲ ಕೈ, ಕಡಿಮೆ ಮಾತು.

"ತಂಗೀ, ಇದು ಕಳ್ಳನ್ನೂ ತೋರಿಸ್ತದಾ?" ಎಂದರು.

ತಮ್ಮ ಮೇಲೆ ಸಂಶಯ ಇರುವುದು ಅವರಿಗೆ ಗೊತ್ತಿತ್ತು! "ಕರೆಂಟು ಎಲ್ಲಿಗೆ ಹೋಗ್ತದೆ ಅಂತ ತೋರಿಸ್ತದೆ" ಎಂದಷ್ಟೇ ಹೇಳಿದೆ.

"ಹಂಗಾರೆ ಸರಿಯಾಗಿ ಕಾಣು ಮಾರಾಯ್ತಿ."

ಮಧ್ಯೆ ಯಾರಾದರೂ ವಾಯರ್ ಎಳೆದಿದ್ದರೆ ಮೀಟರಿನಿಂದ ಹೊರಟ ಕರೆಂಟು ಕಂಪ್ರೆಸರಿಗೆ ಪೂರ್ತಿ ತಲುಪಬಾರದು. ಅನಲೈಸರನ್ನು ಕಂಪ್ರೆಸರಿನ ಪ್ಯಾನೆಲ್ಲಿಗೆ ಒಯ್ದು ಮತ್ತೆ ಹಚ್ಚಿದೆ. ಕರೆಂಟು ಪೂರ್ತಿ ಬಂದಿತ್ತು. ಕಳವಿಲ್ಲ! ಆದರೆ ಒಂದು ಫೇಸಿನ ವೋಲ್ಟೇಜು ದಾರಿಯಲ್ಲೇ ಕುಸಿದಿತ್ತು. ಒಂದು ಕಾಲು ಕುಂಟಾದ ಎತ್ತಿನ ಹಾಗೆ ಮೋಟಾರು ಏದುಸಿರು ಬಿಡುತ್ತ, ಬಿಸಿಯಾಗುತ್ತ, ಹೆಚ್ಚು ಕರೆಂಟು ತಿನ್ನುತ್ತಿತ್ತು.

ನಡುವೆ ಇದ್ದದ್ದು ಕೇಬಲ್ಲು ಜೋಡಿಸಿದ ಒಂದೇ ಜಾಯಿಂಟ್ ಪೆಟ್ಟಿಗೆ. ಹತ್ತಿರ ಹೋದರೆ ಮೀನು ಸುಟ್ಟ ವಾಸನೆ. ಮೀನಿನ ಊರಿನಲ್ಲಿ ಆ ವಾಸನೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಪೆಟ್ಟಿಗೆಯ ತಗಡಿನ ಹತ್ತಿರ ಅಂಗೈ ಹಿಡಿದೆ. ಕಾವಲಿಯ ಹಾಗೆ ಕಾದಿತ್ತು.

"ಮೇನ್ ಬಂದ್ ಮಾಡಿ!"

"ದೋಣಿಯವ್ರು ಬೇರೆ ಕಡೆ ಹೋಗ್ತಾರೆ ಮೇಡಂ, ಸಂಜೆ ಕಾಂಬ" ಎಂದ ಮಾಲೀಕ.

"ಬೆಂಕಿ ಹತ್ತಿದ್ರೆ ಸಂಜೆಗೆ ನೋಡೋಕೆ ಏನೂ ಉಳಿಯೋದಿಲ್ಲ" ಎಂದು ಕಿರುಚಿದೆ.

ಅವನು ಇನ್ನೂ ಮೀನಮೇಷ ಎಣಿಸುತ್ತಿದ್ದ. ಆಪರೇಟರು ಅವನ ಮುಖವನ್ನೂ ನೋಡದೆ ಹೋಗಿ ಮೇನ್ ಇಳಿಸಿದರು. ಹೊರಗೆ ದೋಣಿಯವರ ಬೈಗುಳ ಶುರುವಾಯಿತು.

ಪೆಟ್ಟಿಗೆ ತೆರೆದಾಗ ಒಂದು ಬೋಲ್ಟಿನ ಸುತ್ತ ಕಪ್ಪು ಅಂಟು ಹೆಪ್ಪುಗಟ್ಟಿತ್ತು.

"ಇದೆಂಥದು?" ಎಂದೆ.

"ಮೀನೆಣ್ಣೆ" ಎಂದರು ಆಪರೇಟರು. "ನಾನೇ ಹಚ್ಚಿದ್ದು. ಮಳೆಗಾಲಕ್ಕೆ ಮೊದ್ಲು ದೋಣಿಗೆ ಬಳೀತೇವಲ್ಲ, ಹಂಗೇ ಇದಕ್ಕೂ ಪ್ರತಿ ವರ್ಷ. ಉಪ್ಪುಗಾಳಿಗೆ ತಾಮ್ರ ಹಸಿರಾಗ್ತಿತ್ತು."

ದೋಣಿಯ ಹಲಗೆಯನ್ನು ಕಾಯುವ ಎಣ್ಣೆ ಬೋಲ್ಟಿನ ಸಂದಿಯಲ್ಲಿ ಬೆಂದು, ಕರೆಂಟಿಗೆ ಅಡ್ಡ ನಿಂತಿತ್ತು. ಅವರು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮಾಲೀಕ ಜೋರಾಗಿ ನಕ್ಕ. ಅವನ ಮುಖದಲ್ಲಿ ನಿಜಕ್ಕೂ ಭಾರ ಇಳಿದಿತ್ತು. "ಇಷ್ಟೇನಾ ಮಾಮ! ಬಿಡು, ಹೊಸ ಲಗ್ ಹಾಕಿಸುವಾ."

ಆಪರೇಟರು ನಗಲಿಲ್ಲ. ತಾಮ್ರವನ್ನು ಹೊಳೆಯುವಂತೆ ಉಜ್ಜಿ, ಕೇಬಲ್ಲಿನ ತುದಿಗೆ ಹೊಸ ಲಗ್ ಕೂರಿಸಿ, ಬೋಲ್ಟು ಬಿಗಿದು, ಕೈ ಒರೆಸಿಕೊಂಡ ಮೇಲೆಯೇ ಮಾತಾಡಿದರು.

"ಸಂಶಯ ಬಂದ ದಿನ ನನ್ನ ಮನೆಗೆ ಬಂದು ಕಾಣ್ಬಹುದಿತ್ತಲ್ಲ. ಹತ್ತು ಹೆಜ್ಜೆ. ನಿನ್ನ ಅತ್ತೆ ಚಹಾ ಮಾಡಿ ಕೊಡ್ತಿದ್ಲು."

ಆಪರೇಟರು ಪ್ಲಾಂಟಿನ ಬೀಗದ ಕೈಗಳನ್ನು ಪ್ಯಾನೆಲ್ಲಿನ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೊರಟುಹೋದರು. ಮೇನ್ ಏರಿಸಲು ಮಾಲೀಕನಿಗೆ ಕೈ ಬರಲಿಲ್ಲ, ನಾನೇ ಏರಿಸಿದೆ. ಅನಲೈಸರಿನಲ್ಲಿ ಮೂರೂ ಫೇಸು ಸಮವಾಗಿ ನಿಂತವು. ಅದನ್ನು ತೋರಿಸಲು ತಿರುಗಿದರೆ ಅವನು ಆ ತೆರೆದ ಬಾಗಿಲಲ್ಲಿ ನಿಂತು "ಮಾಮಾ, ಮಾಮಾ" ಎಂದು ಕರೆಯುತ್ತಿದ್ದ.