ಹಾಲಿನ ಮಗನ ಬಿಪಿ

ಅದು 1994ರ ಚಳಿಗಾಲ. ನಾನಾಗ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮೈಸೂರು ಕಡೆಯ ಡಾಕ್ಟರೊಬ್ಬರು ಅಲ್ಲಿ ಸಂಶೋಧನೆ ಮಾಡುತ್ತಿದ್ದರು. ಬಿಪಿ ಹೆತ್ತವರಿಂದ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬುದೇ ಅವರ ವಿಷಯ. ಅದಕ್ಕೆ ಸಂಬಂಧದೊಳಗೇ ಮದುವೆಯಾದ, ಮನೆತುಂಬ ಮಕ್ಕಳಿರುವ ಕುಟುಂಬ ಬೇಕಿತ್ತು. ವಾರ್ಡಿನಲ್ಲಿ ಕಲಿತ ನನ್ನ ಹರಕುಮುರುಕು ಅರಬ್ಬಿಯನ್ನು ನಂಬಿ ನನ್ನನ್ನೂ ಕರೆದೊಯ್ಯುತ್ತಿದ್ದರು.

ತಿಂಗಳುಗಟ್ಟಲೆ ಅಲೆದ ಮೇಲೆ ರುಸ್ತಾಕ್ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ಅಂಥ ಮನೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರಿಗೂ ಬಿಪಿ. ಮನೆಯ ತಾಯಿಯನ್ನು ಹಿರಿಮಗನ ಹೆಸರು ಹಿಡಿದು ಉಮ್ ಹಮದ್, ಅಂದರೆ ಹಮದನ ತಾಯಿ ಎನ್ನುತ್ತಿದ್ದರು. ವಯಸ್ಸಿಗೆ ಬಂದ ಗಂಡುಮಕ್ಕಳೆಲ್ಲ ತೋಳೇರಿಸಿ ಸಾಲಾಗಿ ಕೂತಿದ್ದರು. ಅಳೆಯುವ ಮುಂಚೆ ಮಕ್ಕಳಿಗೆ ಕಾಫಿ ಕೊಡಬೇಡಿ ಎಂದು ಆಕೆಯನ್ನು ಒಪ್ಪಿಸುವಷ್ಟರಲ್ಲಿ ನನಗೇ ಬಿಪಿ ಏರಿತ್ತು.

ಡಾಕ್ಟರು ವಂಶವೃಕ್ಷ ಬರೆಯತೊಡಗಿದರು. ಹಮದ್, ಸಲೀಮ್ ಇಬ್ಬರದೂ ಒಂದೇ ವಯಸ್ಸು. ಅವಳಿಯೇ ಎಂದು ಕೇಳಿದೆ. ಉಮ್ ಹಮದ್ ನಕ್ಕಳು. ಸಲೀಮನ ತಾಯಿ ಪಕ್ಕದ ಮನೆಯವಳಂತೆ, ಹೆರಿಗೆಯಲ್ಲೇ ತೀರಿಕೊಂಡಳಂತೆ. ಹಮದನ ಜೊತೆಗೆ ಈಕೆಯೇ ಅವನಿಗೂ ಎದೆಹಾಲು ಕೊಟ್ಟು ಬೆಳೆಸಿದ್ದಳು. ಅಲ್ಲಿಯವರಲ್ಲಿ ಹಾಲು ಕುಡಿದವನು ಮಗನೇ. ಆ ಮನೆಯ ಹೆಣ್ಣುಮಕ್ಕಳು ಅವನಿಗೆ ತಂಗಿಯರು, ಮದುವೆ ಕೂಡದು.

ಡಾಕ್ಟರು ಪೆನ್ನು ಕೆಳಗಿಟ್ಟು ಕನ್ನಡದಲ್ಲಿ ಹೇಳಿದರು: "ಅವನ್ನ ಬಿಟ್ಬಿಡಿ ಸಿಸ್ಟರ್. ರಕ್ತಸಂಬಂಧ ಇಲ್ವಲ್ಲ, ಲೆಕ್ಕ ಕೆಡುತ್ತೆ."

ನಾನು ಸಲೀಮನನ್ನು ದಾಟಿ ಮುಂದಿನವನ ತೋಳಿಗೆ ಪಟ್ಟಿ ಸುತ್ತಿದೆ. ಉಮ್ ಹಮದ್ ಕಾಫಿ ಹೂಜಿ ಕೆಳಗಿಟ್ಟಳು. ನನ್ನ ಮಗನನ್ನು ಯಾಕೆ ಬಿಟ್ಟೆ ಎಂದು ಕೇಳಿದಳು. ನಾನು ಏನೇನೋ ತಡವರಿಸಿ ವಿವರಿಸಿದೆ.

"ಖಲಾಸ್," ಅಂದಳು. "ಅವನು ಬೇಡವಾದರೆ ನಾವೂ ಬೇಡ."

ಮಕ್ಕಳು ಒಬ್ಬೊಬ್ಬರಾಗಿ ತೋಳು ಇಳಿಸಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವಂತಾಯಿತು ಡಾಕ್ಟರ ಮುಖ. ಆಕೆಯ ಸಮಾಧಾನಕ್ಕಾದರೂ ಅವನದನ್ನೂ ಒಮ್ಮೆ ನೋಡಿಬಿಡಿ ಎಂದರು.

ಹಾಗೆ ನಾಮಕಾವಾಸ್ತೆಗೆ ಸಲೀಮನ ತೋಳಿಗೆ ಪಟ್ಟಿ ಕಟ್ಟಿದೆ. ಪಾದರಸ ಕೊಳವೆಯ ತುದಿಯ ಹತ್ತಿರ ಇರುವಾಗಲೇ ಕಿವಿಯಲ್ಲಿ ಬಡಿತ ಕೇಳಿತು, ಬಿಪಿ ಅಷ್ಟು ವಿಪರೀತ ಏರಿತ್ತು. ಇನ್ನೊಂದು ತೋಳಿನಲ್ಲೂ ಅಷ್ಟೇ. ಡಾಕ್ಟರು ತಾವೇ ಮತ್ತೊಮ್ಮೆ ಅಳೆದು ನೋಡಿದರು. ಆಮೇಲೆ ಅಳೆದಾಗ ಅಣ್ಣತಮ್ಮಂದಿರಿಗೂ ಬಿಪಿ ಇತ್ತು, ಆದರೆ ಇಷ್ಟಿರಲಿಲ್ಲ. ಸಲೀಮ್ ಬೆಟ್ಟದ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಓಡಿಸುವವನು. ಬೆಳಿಗ್ಗೆ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಬಿಸಿಲಿಗಿರಬೇಕು ಎಂದ. ನಮ್ಮ ಗಾಡಿಯಲ್ಲೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಕಿಡ್ನಿ ಆಗಲೇ ಕೆಡತೊಡಗಿತ್ತು, ಔಷಧಿಯಿಂದ ಉಳಿಯಿತು.

ಮತ್ತೊಮ್ಮೆ ಹೋದಾಗ ಉಮ್ ಹಮದ್ ನನ್ನ ಕೈಗೆ ಹಲ್ವಾ ಡಬ್ಬಿ ಕೊಟ್ಟು, ಡಾಕ್ಟರು ಈಗಲಾದರೂ ಅವನನ್ನು ನಮ್ಮ ಜೊತೆ ಬರೆದುಕೊಂಡರೇ ಎಂದು ಕೇಳಿದಳು. ಬರೆದುಕೊಂಡಿರಲಿಲ್ಲ. ವಿಜ್ಞಾನಕ್ಕೆ ಅದೇ ಸರಿ. ನಾನು ಮಾತ್ರ ಹೌದು ಎಂದೆ. ಆ ಸುಳ್ಳಿಗೆ ನನಗೆ ಇಂದಿಗೂ ಬೇಸರವಿಲ್ಲ.

ಈಗ ನಿವೃತ್ತಳಾಗಿ ಉಡುಪಿಯಲ್ಲಿದ್ದೇನೆ. ಬಿಪಿ ಶಿಬಿರಗಳಿಗೆ ಹೋಗುತ್ತೇನೆ. ಅತ್ತೆಯನ್ನು ಕರೆತಂದ ಸೊಸೆ, ಯಜಮಾನರನ್ನು ಕರೆತಂದ ಡ್ರೈವರ್ ಬದಿಯ ಬೆಂಚಿನಲ್ಲಿ ಕೂತಿರುತ್ತಾರೆ. ಕರೆದರೆ, "ನಂಗೆ ಎಂತ ಇಲ್ಲ ಮಾರಾಯ್ರೆ, ನಾನು ಅವರೊಟ್ಟಿಗೆ ಬಂದದ್ದು" ಅನ್ನುತ್ತಾರೆ.

"ಇರ್ಲಿ, ಕೈ ಕೊಡಿ" ಅನ್ನುತ್ತೇನೆ.